ಕ್ಯಾಂಪರ್ ವ್ಯಾನಿಗೆ ಯಾವ ಒಲೆ: ಬ್ಯುಟೇನ್ ಕ್ಯಾನೋ, 5 ಕೆಜಿ ಸಿಲಿಂಡರೋ?

ಇಬ್ಬರೇ ಎರಡು ರಾತ್ರಿಗೆ ಸಕಲೇಶಪುರದ ಕಡೆ ಹೊರಟಿದ್ದರೆ ಕ್ಯಾನ್ ಒಲೆ, ಅಂದರೆ ಬ್ಯುಟೇನ್ ಗ್ಯಾಸಿನ ಕ್ಯಾನ್ ಬರ್ನರಿನ ಪಕ್ಕದಲ್ಲೇ ಕೂರುವ ಚಿಕ್ಕ ಒಲೆ, ಸಾಕು. 220 ಗ್ರಾಮಿನ ಕ್ಯಾನ್ ಪೂರ್ತಿ ಉರಿಯಲ್ಲಿ ಸುಮಾರು ಒಂದೂವರೆ ಗಂಟೆ ಬರುತ್ತದೆ, ಮೂರು ಇಟ್ಟುಕೊಳ್ಳಿ. ಅಗಲದ ದೋಸೆ ಕಾವಲಿ ಮಾತ್ರ ಇಡಲೇಬೇಡಿ. ಅದು ಕ್ಯಾನಿನ ಮೇಲೂ ಚಾಚಿಕೊಂಡು ಶಾಖ ಕೆಳಕ್ಕೆ ಬಡಿದರೆ, ಒತ್ತಡ ಏರಿ ಕ್ಯಾನ್ ಸಿಡಿಯಬಹುದು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬ್ಯುಟೇನ್ ಸರಿಯಾಗಿ ಆವಿಯಾಗದು, ಹಾಗಾಗಿ ಚಳಿಗಾಲದ ಲಡಾಖಿಗೆ ಇದು ಬೇಡ.

ನಾಲ್ಕು ಜನ, ಒಂದು ವಾರ, ದಿನಾ ಕುಕ್ಕರಿನಲ್ಲಿ ಅನ್ನ ಎಂದರೆ 5 ಕೆಜಿ ಸಿಲಿಂಡರೇ ಸರಿ. ಆದರೆ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕಿಳಿದು ಹಾಸಿಗೆಯ ಕೆಳಗೆ ನಿಲ್ಲುತ್ತದೆ. ಕಿಟಕಿ ತೆರೆದರೆ ಸಾಲದು, ಸಿಲಿಂಡರ್ ಗೂಡಿನ ತಳದಲ್ಲೇ ಹೊರಕ್ಕೆ ತೂತಿರಬೇಕು. ನೆಟ್ಟಗೆ ನಿಲ್ಲಿಸಿ ಪಟ್ಟಿಯಿಂದ ಬಿಗಿಯಿರಿ. ಮಲಗಿಸಿದರೆ ದ್ರವ ರೆಗ್ಯುಲೇಟರಿಗೆ ನುಗ್ಗುತ್ತದೆ. ಘಾಟಿಯ ಕುಲುಕಾಟಕ್ಕೆ ಪೈಪಿನ ಕ್ಲಿಪ್ ಸಡಿಲಾಗುತ್ತದೆ. ವ್ಯಾನ್ ನಿಲ್ಲಿಸಿದ ಮೇಲೆ ಅಲ್ಲಿಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಒಲೆ ಹೊತ್ತಿಸಬೇಡಿ.

ಇಂಡಕ್ಷನ್? 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯನ್ನು 1,800 ವ್ಯಾಟಿನ ಒಲೆ 40 ನಿಮಿಷದಲ್ಲಿ ಬರಿದು ಮಾಡುತ್ತದೆ. ಕರೆಂಟ್ ಕೊಡುವ ಕ್ಯಾಂಪ್‌ಸೈಟಿಗಷ್ಟೇ ಅದು.

ಯಾವ ಗ್ಯಾಸ್ ಒಲೆಯನ್ನೂ ಚಳಿ ಕಾಯಿಸಲು ವ್ಯಾನಿನೊಳಗೆ ಉರಿಸಬೇಡಿ. ಉರಿಯಿಂದ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.