ಎರಡೂವರೆ ವರ್ಷ, ಒಂದು ಗ್ರೈಂಡರ್, ಇಬ್ಬರ ಕಾಫಿ

ಫಿಲ್ಟರ್‌ನ ಮೇಲಿನ ಡಬ್ಬದಲ್ಲಿ ನೀರು ಹಾಗೇ ನಿಂತಿತ್ತು. ರಾತ್ರಿ ಹತ್ತಕ್ಕೆ ಹಾಕಿದ್ದು. ಬೆಳಗ್ಗೆ ಐದೂವರೆಗೆ ನೋಡಿದರೆ ಕೆಳಗಿನ ಡಬ್ಬದಲ್ಲಿ ಎರಡು ಚಮಚ ಡಿಕಾಕ್ಷನ್ ಇಳಿದಿತ್ತು, ಅಷ್ಟೇ. ಅಪ್ಪ ಚಮಚದ ಹಿಡಿಯಿಂದ ಫಿಲ್ಟರ್ ಪಕ್ಕಕ್ಕೆ ಟಕ್ ಟಕ್ ಅಂತ ಬಡಿಯುತ್ತಾ ನಿಂತಿದ್ದರು. ನನ್ನನ್ನು ನೋಡಿ, "ನಲವತ್ತನಾಲ್ಕು ಸಾವಿರದ ಮಿಷನ್ನು ಒಂದು ಲೋಟ ಕಾಫಿ ಇಳಿಸಲ್ಲ ಅಂದ್ರೆ ಏನೋ ಅದು?" ಅಂದರು.

ತಪ್ಪು ಕಾಫಿ ಬೀಜ ಪುಡಿ ಮಾಡುವ ಆ ಗ್ರೈಂಡರ್‌ನದಲ್ಲ, ನನ್ನದು. ಹಿಂದಿನ ಬೆಳಗ್ಗೆ ನನ್ನ ಎಸ್ಪ್ರೆಸೋಗೆ ಇಟ್ಟಿದ್ದ ಡಯಲ್ ತಿರುಗಿಸೋದು ಮರೆತು ಅಪ್ಪನ ಬೀಜವನ್ನೂ ಅಷ್ಟೇ ನುಣ್ಣಗೆ ಪುಡಿ ಮಾಡಿಬಿಟ್ಟಿದ್ದೆ. ಅಷ್ಟು ನಯವಾದ ಪುಡಿ ನೀರು ತಾಗಿದರೆ ಕೆಸರಿನ ಹಾಗೆ ಕೂರುತ್ತದೆ. ಎಸ್ಪ್ರೆಸೋ ಮಿಷನ್ನಿನಲ್ಲಿ ಪಂಪು ಸುಮಾರು 9 ಬಾರ್ ಒತ್ತಡದಲ್ಲಿ ನೀರನ್ನು ತಳ್ಳುತ್ತದೆ. ಫಿಲ್ಟರ್‌ಗೆ ಯಾವ ಪಂಪು ಇದೆ? ಪಾಪ, ಅದು ತನ್ನ ಪಾಡಿಗೆ ತೊಟ್ಟಿಕ್ಕಬೇಕು.

ಎರಡೂವರೆ ವರ್ಷ ಈ ಗ್ರೈಂಡರ್ ಬಳಸಿದ ಮೇಲೆ ನನಗೆ ಹೇಳಬೇಕು ಅನ್ನಿಸುವ ವಿಷಯ ಹೆಚ್ಚುಕಡಿಮೆ ಇದೇ. ಒಂದೇ ಮನೆ, ಎರಡು ಥರದ ಕಾಫಿ, ಒಂದು ದುಬಾರಿ ಗ್ರೈಂಡರ್.

ಯಾವ ಗ್ರೈಂಡರ್ ಅಂತ ಕೇಳುತ್ತೀರಿ. 64 ಮಿ.ಮೀ. ಚಪ್ಪಟೆ ಬರ್‌ನ, ಅಂದರೆ ಬೀಜ ಅರೆಯುವ ಹಲ್ಲಿನ ಬಿಲ್ಲೆಗಳ, ಸಿಂಗಲ್ ಡೋಸ್ ಗ್ರೈಂಡರ್. ಒಂದು ಸಲಕ್ಕೆ ಬೇಕಾದಷ್ಟೇ ಬೀಜ ತೂಗಿ ಹಾಕುವ ಜಾತಿ. ಇದೇ ಅಚ್ಚಿನವು ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣದಲ್ಲಿ ಬರುತ್ತವೆ. ಹಾಗಾಗಿ ನನ್ನದರ ಮೇಲಿನ ಸ್ಟಿಕ್ಕರ್ ಯಾವುದು ಅನ್ನೋದು ದೊಡ್ಡ ವಿಷಯ ಅಲ್ಲ. ಮೋಟಾರು ಎಷ್ಟು ವ್ಯಾಟು, ತೂಕ ಎಷ್ಟು ಅನ್ನೋದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ, ಬಿಟ್ಟುಬಿಡೋಣ. ಒಂದು ಮಾತ್ರ ಹೇಳುತ್ತೇನೆ. ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇನೆ ಅಂದರೆ ವೋಲ್ಟೇಜು ನೋಡಿಕೊಳ್ಳಿ. ಅಲ್ಲಿಯದು 120, ನಮ್ಮದು 230. ಅಡುಗೆಮನೆ ಕಟ್ಟೆಯ ಮೇಲೆ ಗ್ರೈಂಡರ್‌ಗಿಂತ ದೊಡ್ಡ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳುವ ಆಸೆ ನನಗಂತೂ ಇರಲಿಲ್ಲ.

ಕೊಳ್ಳುವ ಮುಂಚೆ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಎಸ್ಪ್ರೆಸೋ ಮಿಷನ್ನು ಮನೆಗೆ ಮೊದಲೇ ಬಂದಿತ್ತು, ಒಂದೇ ಬಾಯ್ಲರ್‌ನ ಸಾಧಾರಣ ಮಿಷನ್ನು. ಮಿಕ್ಸಿಯ ಸಣ್ಣ ಜಾರಿನಲ್ಲಿ ಬೀಜ ಪುಡಿ ಮಾಡಿ ಹಾಕುತ್ತಿದ್ದೆ. ಮಿಕ್ಸಿ ಪುಡಿಯಲ್ಲಿ ಒಂದಷ್ಟು ಹಿಟ್ಟು, ಒಂದಷ್ಟು ರವೆ. ಒಂದು ದಿನ ಹತ್ತು ಸೆಕೆಂಡಿಗೆ ಕಂದು ನೀರು ಸುರಿಯುತ್ತಿತ್ತು, ಇನ್ನೊಂದು ದಿನ ಹನಿ ಕೂಡ ಬೀಳುತ್ತಿರಲಿಲ್ಲ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡು ಅಂತ ಎಲ್ಲರೂ ಹೇಳುವ ಲೆಕ್ಕ ಇದೆಯಲ್ಲ, ಅದು ಕೈಗೆ ಸಿಗಬೇಕಾದರೆ ಪುಡಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಲು ಬರಬೇಕು. ನೀರಿಗೆ ಅಲ್ಲಿ ಪುಡಿಯೇ ಬ್ರೇಕು. ಮಿಷನ್ನಿಗಿಂತ ಗ್ರೈಂಡರ್‌ಗೆ ದುಡ್ಡು ಹಾಕು ಅಂತ ಗೊತ್ತಿದ್ದವರು ಹೇಳಿದ್ದು ಆಗ ಅರ್ಥ ಆಯಿತು. ಮಿಷನ್ನು ತಂದಾದ ಮೇಲೆ.

ಪಟ್ಟಿಯಲ್ಲಿ ಇನ್ನೂ ಮೂರು ಇದ್ದವು. ಇಟಲಿಯ ಫ್ಲಾರೆನ್ಸಿನ ಯುರೇಕಾ ಕಂಪನಿಯ ಮಿನ್ಯೋನ್ ಸ್ಪೆಶಲಿಟಾ, 55 ಮಿ.ಮೀ. ಚಪ್ಪಟೆ ಬರ್. ನೋಡಲು ಚೆಂದ. ಆದರೆ ಅದು ಮೇಲೆ ಬೀಜ ತುಂಬಿಟ್ಟುಕೊಳ್ಳುವ ಜಾತಿಯದು, ನನಗೆ ವಾರಕ್ಕೊಂದು ಬೀಜ ಬದಲಿಸುವ ಚಟ. ಇಂಗ್ಲೆಂಡಿನ ನಿಶ್ ಜೀರೋ, 63 ಮಿ.ಮೀ. ಶಂಕುವಿನಾಕಾರದ ಬರ್. ಅದರ ಮೇಲೆ ಮನಸ್ಸಿತ್ತು, ಜೇಬು ಒಪ್ಪಲಿಲ್ಲ. ಮೂರನೆಯದು ತೈವಾನಿನ 1ಜಿಪ್ರೆಸೋ ಕಂಪನಿಯ ಜೆ-ಮ್ಯಾಕ್ಸ್, ಕೈಯಲ್ಲಿ ತಿರುಗಿಸುವುದು. ಒಂದು ಕ್ಲಿಕ್ಕಿಗೆ ಬರ್‌ಗಳ ನಡುವೆ 8.8 ಮೈಕ್ರಾನ್ ಅಂತರ, ಎಸ್ಪ್ರೆಸೋಗೆ ಬೇಕಾದಷ್ಟಾಯಿತು. ಬೆಲೆಯೂ ನಾನು ಕೊಟ್ಟಿದ್ದಕ್ಕಿಂತ ಎಷ್ಟೋ ಕಮ್ಮಿ. ಅದನ್ನು ಅಪ್ಪನಿಗೆ ಫೋನಿನಲ್ಲಿ ತೋರಿಸಿದೆ. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಮೇಜಿಗೆ ಬಿಗಿಯುವ ಕಬ್ಬಿಣದ ಕಾಫಿ ಮಿಷನ್ನಿತ್ತಂತೆ. ದಿನಾ ಬೆಳಗ್ಗೆ ಹಿಡಿ ತಿರುಗಿಸೋದು ಅವರ ಪಾಲಿಗೆ ಬಂದ ಕೆಲಸ. "ಅದನ್ನ ಬಿಟ್ಟು ಪುಡಿ ಅಂಗಡಿಗೆ ಹೋಗೋ ಹಾಗಾಯ್ತಲ್ಲ ಅಂತ ಅವತ್ತು ಖುಷಿ ಪಟ್ಟಿದ್ದೆ. ನೀನು ಮತ್ತೆ ಅಲ್ಲಿಗೇ ಹೊರಟಿದ್ದೀಯಾ?" ಅಂದರು. ಕರೆಂಟಿನದೇ ಇರಲಿ ಅಂತ ಅವತ್ತು ತೀರ್ಮಾನ ಆಯಿತು.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. 44 ಸಾವಿರ ನನ್ನೊಬ್ಬನ ಖುಷಿಗೆ ಅಂತ ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಹೆಂಡತಿ ಕುಡಿಯೋದು ಟೀ. ಹಾಗಾಗಿ "ಅಪ್ಪನಿಗೂ ದಿನಾ ತಾಜಾ ಪುಡಿ" ಅಂತ ಒಂದು ನೆಪ ಹುಡುಕಿದೆ. ಅಪ್ಪ ಕೇಳಿರಲೇ ಇಲ್ಲ. ಅವರಿಗೆ ನಮ್ಮ ಮೈಸೂರಿನ ಪುಡಿ ಅಂಗಡಿ, ಪೀಬೆರಿ ಬೀಜಕ್ಕೆ ಪ್ಲಾಂಟೇಷನ್ ಎ ಬೀಜ ಬೆರೆಸಿ, 80ಕ್ಕೆ 20 ಚಿಕೋರಿ ಹಾಕಿಸಿದ ಬಿಸಿ ಪೊಟ್ಟಣ, ದಾರಿಯುದ್ದಕ್ಕೂ ಅದರ ವಾಸನೆ. ಅದೇ ಸ್ವರ್ಗ. ನಾನೇ ಹೋಗಿ, ಪುಡಿ ಮಾಡಬೇಡಿ, ಬೀಜವನ್ನೇ ಕೊಡಿ, ಚಿಕೋರಿ ಬೇರೆ ಕಟ್ಟಿ ಅಂತ ಕೇಳಿದೆ. ಚಿಕೋರಿಯನ್ನು ಮಾತ್ರ ಗ್ರೈಂಡರ್‌ಗೆ ಹಾಕಬೇಡಿ. ಪುಡಿಯಾಗೇ ತಂದು ಆಮೇಲೆ ಬೆರೆಸಿ.

ನನ್ನ ಬೆಳಗಿನ ಕೆಲಸ ಹೀಗೆ ನಡೆಯುತ್ತದೆ. ಸಣ್ಣ ತಕ್ಕಡಿಯ ಮೇಲೆ ಸ್ಟೀಲ್ ಬಟ್ಟಲು ಇಟ್ಟು 18 ಗ್ರಾಂ ಬೀಜ ತೂಗುತ್ತೇನೆ. ಹೆಚ್ಚಾಗಿ ಚಿಕ್ಕಮಗಳೂರು ಕಡೆಯ ಯಾವುದಾದರೂ ತೋಟದ್ದು, ಎಸ್.795 ತಳಿ ಸಿಕ್ಕರೆ ಖುಷಿ. ಅದು ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ್ದೇ ತಳಿ. ಚಮಚದ ಹಿಡಿಯನ್ನು ನೀರಿಗೆ ಅದ್ದಿ, ಒದರಿ, ಆ ಒದ್ದೆಯಲ್ಲೇ ಬೀಜವನ್ನು ಒಂದು ಸುತ್ತು ಕಲಸುತ್ತೇನೆ. ಮೋಟಾರು ಹಾಕಿ ಬೀಜ ಸುರಿದರೆ ಗುಂಯ್ ಅನ್ನುವ ಸದ್ದಿನೊಳಗೆ ಚಟಪಟ. ಹದಿನೈದು ಸೆಕೆಂಡಿಗೆ ಚಟಪಟ ನಿಂತು ಬರೀ ಗುಂಯ್ ಉಳಿಯುತ್ತದೆ. ಆಗ ಮೇಲಿನ ರಬ್ಬರ್ ತಿದಿಯನ್ನು ಮೂರು ಸಲ ಒತ್ತಬೇಕು, ಒಳಗೆ ಅಂಟಿದ ಪುಡಿ ಉಸ್ಸಂತ ಹೊರಗೆ ಬರುತ್ತದೆ. ಕುಲುಮೆ ತಿದಿ ಅಂತ ಅಪ್ಪ ಅದಕ್ಕೆ ಹೆಸರಿಟ್ಟಿದ್ದಾರೆ. ಬಾಟಲಿಯ ಹಳೇ ಬಿರಡೆಗೆ ನಾಲ್ಕು ತೆಳು ಸೂಜಿ ಚುಚ್ಚಿ ಮಾಡಿಕೊಂಡ ಕಡ್ಡಿಯಿಂದ ಪುಡಿಯ ಗಂಟು ಬಿಡಿಸಿ, ಒತ್ತಿ, ಮಿಷನ್ನಿಗೆ ಸಿಕ್ಕಿಸುತ್ತೇನೆ. ಏಳನೇ ಸೆಕೆಂಡಿಗೆ ಮೊದಲ ಹನಿ. ಆ ಹನಿ ಬೀಳುವ ತನಕ ನಾನು ಯಾರ ಜೊತೆಗೂ ಮಾತಾಡಲ್ಲ.

ಚಮಚ ಒದ್ದೆ ಮಾಡೋದು ಮೂಢನಂಬಿಕೆ ಅಲ್ಲ. ಮೊದಲ ಫೆಬ್ರವರಿಯಲ್ಲಿ, ಒಣ ಹವೆಗೆ, ಪುಡಿ ಬಟ್ಟಲಿಗೆ ಬೀಳೋದು ಬಿಟ್ಟು ಸುತ್ತಮುತ್ತ ಹಾರುತ್ತಿತ್ತು. ಬೀಜದ ಹೊಟ್ಟು ಗೋಡೆಯ ಟೈಲ್ಸಿಗೆ, ಟೀ ಡಬ್ಬಕ್ಕೆ, ನನ್ನ ಮೀಸೆಗೆ ಅಂಟುತ್ತಿತ್ತು. ಟೀ ಡಬ್ಬಕ್ಕೆ ಅಂಟಿದ್ದು ಮಾತ್ರ ಮನೆಯಲ್ಲಿ ದೊಡ್ಡ ಜಗಳ ಆಯಿತು. ಬೀಜ ಒಡೆಯುವಾಗ, ಉಜ್ಜುವಾಗ ವಿದ್ಯುತ್ ಹುಟ್ಟುತ್ತದೆ, ಚೂರು ನೀರು ಸೋಕಿಸಿದರೆ ಅದು ಇಳಿಯುತ್ತದೆ. ಎಸ್ಪ್ರೆಸೋ ಮಂದಿ ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದರು. 2023ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದವರು ಇದರ ಮೇಲೆ ಒಂದು ಸಂಶೋಧನಾ ಲೇಖನವನ್ನೇ ಪ್ರಕಟಿಸಿದರು. ಅದನ್ನು ಓದಿ ಹೇಳಿದರೆ ಅಪ್ಪ, "ಕಾರದಪುಡಿ ಹಾರದೇ ಇರಲಿ ಅಂತ ನಿಮ್ಮಜ್ಜಿ ಒನಕೆಗೆ ನೀರು ಸವರ್ತಿದ್ರು" ಅಂದರು. ನಿಜವೋ, ಆಗಿಂದಾಗ ಕಟ್ಟಿದ್ದೋ, ಕೇಳಲು ಹೋಗಲಿಲ್ಲ.

ಈಗ ಸಿಟ್ಟು ಬರಿಸುವ ಭಾಗ.

ಈ ಡಯಲ್‌ಗೆ ಕ್ಲಿಕ್ಕು ಇಲ್ಲ, ನುಣುಪಾಗಿ ತಿರುಗುತ್ತದೆ. ಎಸ್ಪ್ರೆಸೋಗೆ ಅದು ವರ. ಒಂದು ಪೊಟ್ಟಣ ಒಡೆದ ಮೇಲೆ ಬೀಜ ಹಳತಾಗುತ್ತಾ ಹೋದ ಹಾಗೆ ಶಾಟ್, ಅಂದರೆ ಒಂದು ಸಲದ ಎಸ್ಪ್ರೆಸೋ, ಬೇಗ ಬೇಗ ಇಳಿಯತೊಡಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ಒಂದೆಳ್ಳಿನಷ್ಟು ನುಣ್ಣಗೆ ಮಾಡಬೇಕು. ಡಯಲ್ ಮೇಲಿನ ಅಂಕಿಯಲ್ಲಿ ನನ್ನದು 12ರಿಂದ 15ರ ಒಳಗೆ ಆಡುತ್ತದೆ. ಅಪ್ಪನ ಫಿಲ್ಟರ್‌ಗೆ 35ರ ಹತ್ತಿರ. ರಾತ್ರಿ ಅವರಿಗೆ ಅಂತ 35ಕ್ಕೆ ತಿರುಗಿಸಿ ಬೆಳಗ್ಗೆ ವಾಪಸ್ 13ಕ್ಕೆ ತಂದರೆ, ಅದು ನಿನ್ನೆಯ 13 ಅಲ್ಲ. ಗೆರೆ ಅದೇ, ರುಚಿ ಬೇರೆ. ಮೊದಲ ಶಾಟ್ 20 ಸೆಕೆಂಡಿಗೆ ಓಡುತ್ತದೆ, ಇಲ್ಲವೇ 38ಕ್ಕೆ ತೆವಳುತ್ತದೆ. ವಾಪಸ್ ನುಣ್ಣಗೆ ಮಾಡುವಾಗ ಮೋಟಾರು ಓಡುತ್ತಿರಬೇಕು, ಇಲ್ಲದಿದ್ದರೆ ಬರ್‌ಗಳ ನಡುವೆ ಪುಡಿ ಸಿಕ್ಕಿಕೊಳ್ಳುತ್ತದೆ. ಬೆಳಗ್ಗೆ ಐದೂವರೆಗೆ ಖಾಲಿ ಗ್ರೈಂಡರ್ ಓಡಿಸಿ ನೋಡಿ, ಕೆಳಗಿನ ಮನೆಯವರು ಲಿಫ್ಟಿನಲ್ಲಿ ಸಿಕ್ಕಾಗ ಹೇಗೆ ನೋಡುತ್ತಾರೆ ಅಂತ.

ಆಮೇಲೆ ವ್ಯರ್ಥ ಆಗುವ ಪುಡಿ. ಡಯಲ್ ತಿರುಗಿಸಿದಾಗಲೆಲ್ಲ ಒಳಗಿರುವ ಹಳೇ ಪುಡಿ ಹೋಗಲಿ ಅಂತ 3 ಗ್ರಾಂ ಬೀಜ ಓಡಿಸಿ ತೆಗೆಯಬೇಕು. ಹೋಗಲು 3, ಬರಲು 3, ದಿನಕ್ಕೆ 6, ತಿಂಗಳಿಗೆ 180 ಗ್ರಾಂ. ನಾನು ತರುವ ಬೀಜ 250 ಗ್ರಾಂಗೆ 600 ರೂಪಾಯಿ. ತಿಂಗಳಿಗೆ 432 ರೂಪಾಯಿ ಗುಲಾಬಿ ಕುಂಡಕ್ಕೆ. ಗುಲಾಬಿ ಚೆನ್ನಾಗೇನೂ ಬೆಳೆಯಲಿಲ್ಲ.

ಎಂಟು ತಿಂಗಳು ಹೀಗೇ ನಡೆಯಿತು. ಮಾರಿಬಿಡೋಣ ಅನ್ನಿಸಿತ್ತು. ಅದರ ಮೇಲೆ ಇನ್ನೊಂದು ಜ್ಞಾನೋದಯ. ಚಪ್ಪಟೆ ಬರ್‌ಗೆ ಇಷ್ಟೆಲ್ಲ ಹೊಗಳಿಕೆ ಯಾಕೆ? ಬೀಜದೊಳಗಿನ ಹಣ್ಣಿನ ಹುಳಿ, ಹೂವಿನ ಘಮ ಬಿಡಿಬಿಡಿಯಾಗಿ ನಾಲಿಗೆಗೆ ಸಿಗುತ್ತದೆ ಅಂತ. ನಿಜ, ಹಾಲಿಲ್ಲದೆ ಕುಡಿದರೆ ಸಿಗುತ್ತದೆ. ನಾನು ಕುಡಿಯೋದು ಹಾಲು ಹಾಕಿ, ಅರ್ಧ ಚಮಚ ಸಕ್ಕರೆಯನ್ನೂ ಹಾಕಿ. ಗೆಳೆಯನ ಮನೆಯಲ್ಲಿ ಶಂಕುವಿನ ಬರ್‌ನ ಗ್ರೈಂಡರ್ ಇದೆ. ಒಂದು ಭಾನುವಾರ ಒಂದೇ ಬೀಜವನ್ನು ಎರಡರಲ್ಲೂ ಪುಡಿ ಮಾಡಿ, ಎರಡಕ್ಕೂ ಹಾಲು ಹಾಕಿ, ಕಣ್ಣು ಮುಚ್ಚಿ ಕುಡಿದೆ. ಮೂರು ಸಲದಲ್ಲಿ ಎರಡು ಸಲ ತಪ್ಪು ಹೇಳಿದೆ. ನಿಮ್ಮದೂ ಹಾಲಿನ ಕಾಫಿಯೇ ಆಗಿದ್ದರೆ ಈ ದುಡ್ಡು ಹಾಕಬೇಡಿ. ಅರ್ಧ ಬೆಲೆಯ ಕೈ ಗ್ರೈಂಡರ್ ಸಾಕು, ತೋಳಿಗೂ ಒಳ್ಳೆಯದು. ಕೊರಿಯಾದ ಎಸ್‌ಎಸ್‌ಪಿ ಕಂಪನಿಯ ಬರ್ ಹಾಕಿಸಿದರೆ ಇನ್ನೂ ಚೆನ್ನಾಗಿರುತ್ತೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಅವರ ಜೊತೆ ಸ್ವಲ್ಪ ದಿನ ಮಾತು ಬಿಡಿ.

ಹಾಗಾದರೆ ಯಾಕೆ ಮಾರಲಿಲ್ಲ?

ಒಂದು ರಾತ್ರಿ ನಾನು 3 ಗ್ರಾಂ ಓಡಿಸಿ ತೆಗೆದ ಪುಡಿಯನ್ನು ಕುಂಡಕ್ಕೆ ಹಾಕಲು ಹೊರಟಿದ್ದೆ. ಅಪ್ಪ ತಡೆದರು. "ಅದೂ ಕಾಫಿ ಪುಡಿ ತಾನೇ? ನನ್ನ ಡಬ್ಬಕ್ಕೆ ಹಾಕು." ನಾನು ವಿವರಿಸಲು ಹೋದೆ, ಇದು ಎರಡು ಅಳತೆ ಬೆರೆತ ಪುಡಿ, ಅದು ಇದು ಅಂತ. ಅವರು ಡಬ್ಬದ ಮುಚ್ಚಳ ತೆಗೆದು ಹಿಡಿದೇ ನಿಂತರು. ಅರವತ್ತು ಗ್ರಾಂ ಫಿಲ್ಟರ್ ಪುಡಿಯಲ್ಲಿ ಮೂರು ಗ್ರಾಂ ನಯ ಪುಡಿ ಬೆರೆತರೆ ಡಿಕಾಕ್ಷನ್ ಇಳಿಯೋದಕ್ಕೆ ಏನೂ ಆಗಲ್ಲ. ಸ್ವಲ್ಪ ಗಟ್ಟಿಯೇ ಆಗುತ್ತದೆ. ಎಂಟು ತಿಂಗಳು ನಾನು ಲೆಕ್ಕ ಹಾಕಿದ್ದೆ, ಇದು ಮಾತ್ರ ಹೊಳೆದಿರಲಿಲ್ಲ.

ದಿನಾ ಯಾಕೆ ತಿರುಗಿಸಬೇಕು ಅನ್ನೋದೂ ಅವರದೇ ಪ್ರಶ್ನೆ. ಈಗ ಭಾನುವಾರ ಒಂದು ಸಲ, ಬುಧವಾರ ಒಂದು ಸಲ ಅವರ ಪುಡಿ. ಮೂರು ನಾಲ್ಕು ದಿನದ್ದು ಒಟ್ಟಿಗೆ, ಬಿಗಿ ಮುಚ್ಚಳದ ಡಬ್ಬದಲ್ಲಿ. ಅದೂ ಸಂಜೆ, ಕೆಳಗಿನ ಮನೆಯವರು ಟಿವಿ ನೋಡುವ ಹೊತ್ತಿಗೆ. ಸೋಮವಾರ ಮತ್ತು ಗುರುವಾರದ ನನ್ನ ಮೊದಲ ಶಾಟ್ ಈಗಲೂ ಕೆಡುತ್ತದೆ. ಆ ತೊಂದರೆ ಹೋಗಿಲ್ಲ, ಹೋಗೋದೂ ಇಲ್ಲ. ಇಬ್ಬರದೂ ಬೇರೆ ಬೇರೆ ಕಾಫಿ ಆಗಿದ್ದು, ಇಬ್ಬರಿಗೂ ದಿನಾ ತಾಜಾ ಪುಡಿಯೇ ಬೇಕು ಅಂದರೆ ಎರಡು ಗ್ರೈಂಡರ್ ಇಟ್ಟುಕೊಳ್ಳಿ. ಇಲ್ಲವೇ ಪುಡಿ ಅಂಗಡಿಯ ನಂಟು ಬಿಡಬೇಡಿ.

ಉಳಿದಂತೆ ರಿಪೇರಿ ಅಂತ ಒಂದು ಸಲವೂ ಬಂದಿಲ್ಲ. ತಿಂಗಳಿಗೊಮ್ಮೆ ಬಿಚ್ಚಿ ಬ್ರಶ್ಶಿನಲ್ಲಿ ಗುಡಿಸುತ್ತೇನೆ, ಅಷ್ಟೇ. ತಿದಿಯ ರಬ್ಬರ್ ಒಂದು ಕಡೆ ಬಿರುಕು ಬಿಡುತ್ತಿದೆ.

ಕಳೆದ ಆಯುಧಪೂಜೆಗೆ ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನಿನ ಜೊತೆ ಗ್ರೈಂಡರ್‌ಗೂ ಸೇವಂತಿಗೆ ಸಿಕ್ಕಿತು. ಅಪ್ಪ ಡಯಲ್ ಮೇಲೆ ಕುಂಕುಮದ ಬೊಟ್ಟು ಇಟ್ಟರು. ಮರುದಿನ ನೋಡಿದರೆ ಬೊಟ್ಟು ಸರಿಯಾಗಿ 34 ಮತ್ತು 35ರ ನಡುವೆ ಇತ್ತು. ಬೇಕಂತಲೇ ಇಟ್ಟರಾ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅವತ್ತಿನಿಂದ ಅವರ ಪುಡಿಯನ್ನು ಅವರೇ ಮಾಡಿಕೊಳ್ಳುತ್ತಾರೆ. ಸಣ್ಣ ಅಂಕಿ ಕಣ್ಣಿಗೆ ಕಾಣಲ್ಲ, ಬೊಟ್ಟು ಕಾಣುತ್ತದೆ. ಚಮಚ ಅದ್ದೋದು, ತಿದಿ ಒತ್ತೋದು ಎಲ್ಲ ಕಲಿತಿದ್ದಾರೆ. ತಿದಿಯನ್ನು ಮಾತ್ರ ಮೂರರ ಬದಲು ಹತ್ತು ಸಲ ಒತ್ತುತ್ತಾರೆ. ಬಿರುಕಿಗೆ ಅದೇ ಕಾರಣ ಇರಬೇಕು.

ಹೋದ ವಾರ ಹೆಂಡತಿ ಕಟ್ಟೆ ಒರೆಸುವಾಗ ಬೊಟ್ಟೂ ಒರೆಸಿಹೋಯಿತು. ಬುಧವಾರ ಸಂಜೆ ನಾನು ಆಫೀಸಿನಿಂದ ಬಂದಾಗ ಅಪ್ಪ ದೇವರ ಮನೆಯ ಕುಂಕುಮದ ಭರಣಿ ಕಟ್ಟೆಯ ಮೇಲಿಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ಡಯಲ್‌ಗೆ ಮೂಗು ತಾಗುವ ಹಾಗೆ ಬಗ್ಗಿ ನಿಂತಿದ್ದರು. "ಎಲ್ಲಿತ್ತೋ ಅದು? ಮೂವತ್ನಾಲ್ಕೋ, ಐದೋ?"