ಟ್ರೆಂಡ್ ಫಾಲೋಯಿಂಗ್ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬೆಲೆ ಏರುವ ದಿಕ್ಕು ಹಿಡಿದು ಕೊಂಡು, ದಿಕ್ಕು ತಿರುಗಿದಾಗ ಹೊರಗೆ ಬರುವ ಷೇರು ವ್ಯವಹಾರದ ಪದ್ಧತಿಗೆ ಟ್ರೆಂಡ್ ಫಾಲೋಯಿಂಗ್ ಅನ್ನುತ್ತಾರೆ. ಅದನ್ನು ಕಲಿಸುವ ಕೋರ್ಸ್‌ಗೆ ನಾನು ಕಟ್ಟಿದ ಫೀಸು 65,000 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ. ಒಟ್ಟು 76,700. ಇಷ್ಟು ಕೊಟ್ಟ ಮೇಲೆ ನನಗೆ ಸಿಕ್ಕಿದ್ದೇನು ಅಂತ ಮೊದಲೇ ಹೇಳಿಬಿಡುತ್ತೇನೆ. 10, 3 ಸೆಟ್ಟಿಂಗ್‌ಗೆ ಇಟ್ಟ ಸೂಪರ್‌ಟ್ರೆಂಡ್ (ಕೊಳ್ಳು, ಮಾರು ಅಂತ ತೋರಿಸುವ ಗೆರೆ), 50 ಮತ್ತು 200 ದಿನದ ಮೂವಿಂಗ್ ಆವರೇಜ್ (ಸರಾಸರಿ ಬೆಲೆಯ ಗೆರೆ), ಟ್ರೆಂಡ್ ಎಷ್ಟು ಜೋರಾಗಿದೆ ಅಂತ ಅಳೆಯುವ ಎಡಿಎಕ್ಸ್ 25ರ ಮೇಲಿರಬೇಕು ಅನ್ನೋ ಒಂದು ಷರತ್ತು. ಅಷ್ಟೇ. ಈ ಮೂರೂ ಇಂಡಿಕೇಟರ್ ನಿಮ್ಮ ಬ್ರೋಕರ್ ಆ್ಯಪ್‌ನ ಚಾರ್ಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಮಾರಾಟ ಶುರುವಾಗುವುದು 99 ರೂಪಾಯಿಯ ಭಾನುವಾರದ ವೆಬಿನಾರ್‌ನಿಂದ. ಮೊದಲ ಒಂದು ಗಂಟೆ ಬರೀ ಲಾಭದ ಸ್ಕ್ರೀನ್‌ಶಾಟ್. ಆಮೇಲೆ ಪರದೆಯ ಮೂಲೆಯಲ್ಲಿ ಟೈಮರ್ ಓಡತೊಡಗುತ್ತದೆ. ಇವತ್ತು ರಾತ್ರಿ 12ರೊಳಗೆ ಸೇರಿದರೆ ಅರ್ಧ ಬೆಲೆ ಅಂತೆ. ಮುಂದಿನ ಭಾನುವಾರವೂ ಅದೇ ಟೈಮರ್, ಅದೇ ಅರ್ಧ ಬೆಲೆ.

ದುಡ್ಡಿಲ್ಲ ಅಂದರೆ 'ನೋ ಕಾಸ್ಟ್ ಇಎಂಐ' ಮುಂದಿಡುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಅದು ಕೋರ್ಸ್‌ನವರಿಗೆ ಕಟ್ಟುವ ಕಂತು ಅಲ್ಲ, ಬೇರೊಂದು ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಲ್ಲಿ ಎತ್ತುವ ಸಾಲ. ಒಟಿಪಿ ಹೇಳಿದ ಕೂಡಲೇ ಪೂರ್ತಿ ಫೀಸು ಅವರ ಕೈ ಸೇರುತ್ತದೆ. ಕ್ಲಾಸ್ ಬಿಟ್ಟರೂ ಕಂತು ಬಿಡುವುದಿಲ್ಲ. ತಪ್ಪಿಸಿದರೆ ಸಿಬಿಲ್ ಸ್ಕೋರ್ ಕೆಡುವುದು ನಿಮ್ಮದೇ.

ಕ್ಲಾಸ್‌ನಲ್ಲಿ ತೋರಿಸಿದ ಉದಾಹರಣೆಗಳೆಲ್ಲ ಒಂದೇ ಕಾಲದವು. 2020ರ ಮಾರ್ಚ್‌ನಲ್ಲಿ 7,511ಕ್ಕೆ ಬಿದ್ದಿದ್ದ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) 2021ರ ಅಕ್ಟೋಬರ್‌ಗೆ 18,600 ಮುಟ್ಟಿತ್ತು. ಆ ಒಂದೂವರೆ ವರ್ಷ ಯಾವ ಇಂಡಿಕೇಟರ್ ಹಾಕಿ ಕೊಂಡಿದ್ದರೂ ಲಾಭವೇ. ಅದಾದ ಮೇಲೆ ಏನಾಯಿತು? ಆ ಎತ್ತರ ದಾಟಲು ನಿಫ್ಟಿಗೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ನಡುವೆ 2022ರ ಜೂನ್‌ನಲ್ಲಿ 15,200ರ ಆಸುಪಾಸಿಗೂ ಇಳಿದಿತ್ತು. ಇಂಥ ಕಾಲದಲ್ಲಿ ಸೂಪರ್‌ಟ್ರೆಂಡ್ ಇವತ್ತು ಕೊಳ್ಳು ಅನ್ನುತ್ತದೆ, ನಾಲ್ಕು ದಿನ ಬಿಟ್ಟು ಮಾರು ಅನ್ನುತ್ತದೆ. ಎರಡೂ ಸಲ ನಷ್ಟ. ಜಾತ್ರೆ ದಿನದ ವ್ಯಾಪಾರ ತೋರಿಸಿ ಅಂಗಡಿ ಮಾರುವ ಹಾಗೆ ಇವರ ಕಥೆ.

"ಸರ್, 2022ರ ಚಾರ್ಟ್ ಮೇಲೆ ಇದನ್ನೇ ಹಾಕಿ ತೋರಿಸಿ" ಅಂತ ಗ್ರೂಪ್‌ನಲ್ಲಿ ಕೇಳಿದೆ. "ಮೊದಲು ನಿಮ್ಮ ಮೈಂಡ್‌ಸೆಟ್ ಸರಿ ಮಾಡ್ಕೊಳ್ಳಿ" ಅಂತ ಉತ್ತರ ಬಂತು. ಎರಡನೇ ಸಲ ಕೇಳಿದಾಗ ನನ್ನ ಮೆಸೇಜೇ ಡಿಲೀಟ್.

ಟ್ರೆಂಡ್ ಫಾಲೋಯಿಂಗ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹತ್ತು ಟ್ರೇಡ್‌ನಲ್ಲಿ ಆರೇಳು ಸಣ್ಣ ನಷ್ಟದಲ್ಲಿ ಮುಗಿಯುವುದು ಈ ಪದ್ಧತಿಯಲ್ಲಿ ಮಾಮೂಲು. ಒಂದೆರಡು ದೊಡ್ಡ ಲಾಭ ಬಂದು ಅದನ್ನೆಲ್ಲ ತುಂಬಬೇಕು. ಆ ದೊಡ್ಡದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇದನ್ನು ಮೊದಲ ಕ್ಲಾಸಲ್ಲೇ ಹೇಳಿದರೆ ಯಾರು ಸೇರುತ್ತಾರೆ ಹೇಳಿ? ಅದಕ್ಕೇ ಹೇಳುವುದಿಲ್ಲ. ಬದಲಿಗೆ ಟೆಲಿಗ್ರಾಮ್‌ನಲ್ಲಿ ದಿನಾ ಬೆಳಿಗ್ಗೆ ನಿಫ್ಟಿಯ ವಾರದ ಆಪ್ಷನ್‌ಗೆ (ನಿಫ್ಟಿ ಏರಿಳಿತದ ಮೇಲಿನ, ವಾರಕ್ಕೇ ಮುಗಿಯುವ ಒಪ್ಪಂದ) ಕಾಲ್, ಅಂದರೆ ಕೊಳ್ಳಿ, ಮಾರಿ ಅನ್ನುವ ಟಿಪ್ ಕೊಡುತ್ತಾರೆ. ವಾರದ ಆಪ್ಷನ್‌ಗೆ ಕಾಯುವಷ್ಟು ಆಯಸ್ಸೇ ಇರುವುದಿಲ್ಲ, ಅಲ್ವಾ? ನಿಫ್ಟಿ ಮೇಲಕ್ಕೆ ಹೋದರೂ ನಿಧಾನಕ್ಕೆ ಹೋದರೆ ಪ್ರೀಮಿಯಂ, ಅಂದರೆ ಆಪ್ಷನ್‌ನ ಬೆಲೆ, ಕರಗುತ್ತಲೇ ಇರುತ್ತದೆ.

ಮತ್ಯಾಕೆ ದಿನಾ ಟ್ರೇಡ್ ಮಾಡಿಸುತ್ತಾರೆ ಅಂದರೆ, ಡಿಮ್ಯಾಟ್ ಖಾತೆಯನ್ನು ಅವರು ಕೊಟ್ಟ ಲಿಂಕ್‌ನಿಂದಲೇ ತೆರೆಯಬೇಕಿತ್ತು. ಅಂಥ ಖಾತೆಯಲ್ಲಿ ನಾವು ಕಟ್ಟುವ ಬ್ರೋಕರೇಜ್‌ನಲ್ಲಿ ಲಿಂಕ್ ಕೊಟ್ಟವರಿಗೂ ಪಾಲು ಹೋಗುತ್ತದೆ. ನಮಗೆ ಲಾಭವೋ ನಷ್ಟವೋ, ಅವರ ಪಾಲಿಗೆ ತೊಂದರೆಯಿಲ್ಲ.

ಟ್ರೆಂಡ್ ಫಾಲೋಯಿಂಗ್ ಅಂದರೆ ಎಲ್ಲರೂ ಹೇಳುವ ಹೆಸರು ಅಮೆರಿಕದ ಟರ್ಟಲ್ ಟ್ರೇಡರ್‌ಗಳದ್ದು. ನಮ್ಮ ಕ್ಲಾಸಲ್ಲೂ ಅದರ ಒಂದು ಸ್ಲೈಡ್ ಇತ್ತು. 1983ರಲ್ಲಿ ಶಿಕಾಗೋದ ಟ್ರೇಡರ್ ರಿಚರ್ಡ್ ಡೆನಿಸ್ ಪೇಪರ್‌ನಲ್ಲಿ ಜಾಹೀರಾತು ಕೊಟ್ಟು ಜನರನ್ನು ಆರಿಸಿದರು, ಆ ಶಿಷ್ಯರೇ ಟರ್ಟಲ್‌ಗಳು. ಗೆಳೆಯ ವಿಲಿಯಂ ಎಕ್‌ಹಾರ್ಟ್ ಜೊತೆ ಸೇರಿ ಎರಡು ವಾರ ಕಲಿಸಿದರು. ಸ್ಲೈಡ್‌ನಲ್ಲಿ ಇಲ್ಲದ್ದು ಒಂದಿದೆ. ಶಿಷ್ಯರಿಂದ ಅವರು ಫೀಸು ತೆಗೆದುಕೊಳ್ಳಲಿಲ್ಲ. ಟ್ರೇಡ್ ಮಾಡಲು ತಮ್ಮದೇ ದುಡ್ಡು ಕೊಟ್ಟರು, ಲಾಭದಲ್ಲಿ ಶಿಷ್ಯರಿಗೆ ಪಾಲು ಕೊಟ್ಟರು. 20 ದಿನದ ಗರಿಷ್ಠ ದಾಟಿದರೆ ಕೊಳ್ಳು, 10 ದಿನದ ಕನಿಷ್ಠ ಮುರಿದರೆ ಹೊರಗೆ ಬಾ ಅನ್ನುವಂಥ ಅವರ ನಿಯಮಗಳು ವರ್ಷಗಳಿಂದ ಇಂಟರ್ನೆಟ್‌ನಲ್ಲಿ ಬಿದ್ದಿವೆ. ಹಾಗಿದ್ದೂ ಅದೇ ಡೆನಿಸ್ 1987-88ರಲ್ಲಿ ಭಾರೀ ನಷ್ಟ ಕಂಡು ಫಂಡ್‌ಗಳನ್ನು ಮುಚ್ಚಬೇಕಾಯಿತು.

ಇನ್ನು ಫೀಸಿನ ಲೆಕ್ಕ. ನಿಮ್ಮ ಬಂಡವಾಳ 2 ಲಕ್ಷ ಅಂದುಕೊಳ್ಳಿ. 76,700 ಅಂದರೆ ಅದರ 38%. ಒಂದು ವರ್ಷ ಅಷ್ಟು ದುಡಿದರೆ ಫೀಸು ಮಾತ್ರ ವಾಪಸ್. ಬ್ರೋಕರೇಜ್, ಎಸ್‌ಟಿಟಿ (ಪ್ರತಿ ವಹಿವಾಟಿನ ಮೇಲಿನ ತೆರಿಗೆ), ಆದಾಯ ತೆರಿಗೆ ಬೇರೆ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆ್ಯಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ಬಿಡಿ ಟ್ರೇಡರ್‌ಗಳಲ್ಲಿ 93% ಜನ ನಷ್ಟ ಮಾಡಿಕೊಂಡಿದ್ದಾರೆ ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ ಲೆಕ್ಕ ಕೊಟ್ಟಿದೆ. ಎಲ್ಲರ ನಷ್ಟ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ.

ಸೇರಲೇಬೇಕು ಅನ್ನಿಸಿದರೆ ಒಂದು ಕಾಗದ ಕೇಳಿ. ಕಲಿಸುವವರ ಸ್ವಂತ ಖಾತೆಯ ಟ್ಯಾಕ್ಸ್ ಪಿ ಆ್ಯಂಡ್ ಎಲ್ (ಬ್ರೋಕರ್ ಕೊಡುವ ಲಾಭ-ನಷ್ಟದ ಲೆಕ್ಕ), ಕನಿಷ್ಠ ಮೂರು ವರ್ಷದ್ದು, ಖರ್ಚು ಕಳೆದದ್ದು. ಸ್ಕ್ರೀನ್‌ಶಾಟ್ ಬೇಡ, ಅದನ್ನು ಮೊಬೈಲಲ್ಲೇ ತಯಾರಿಸಬಹುದು. ಕಾಲ್ ಕೊಡುತ್ತೇವೆ ಅಂದರೆ ಸೆಬಿ ನೋಂದಣಿ ಸಂಖ್ಯೆ ಕೇಳಿ. ರಿಸರ್ಚ್ ಅನಲಿಸ್ಟ್ ಆದರೆ ಐಎನ್‌ಎಚ್, ಇನ್ವೆಸ್ಟ್‌ಮೆಂಟ್ ಅಡ್ವೈಸರ್ ಆದರೆ ಐಎನ್‌ಎ ಅಂತ ಶುರುವಾಗುತ್ತದೆ. ಸೆಬಿ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೋಡಿ. ನಾವು ಬರೀ ಪಾಠ ಹೇಳುವವರು ಅಂದರೆ, 2025ರ ಜನವರಿಯ ಸೆಬಿ ಸುತ್ತೋಲೆ ನೆನಪಿಸಿ. ಪಾಠದ ಹೆಸರಲ್ಲಿ ಕಳೆದ ಮೂರು ತಿಂಗಳ ಬೆಲೆ ಬಳಸಿ ಯಾವ ಷೇರಿನ ಬಗ್ಗೆಯೂ ಮಾತಾಡುವಂತಿಲ್ಲ ಅಂತ ಅದರಲ್ಲಿದೆ. ಸುಮ್ನೆ ಕಲಿಯಬೇಕು ಅನ್ನುವವರಿಗೆ ಸೆಬಿಯದೇ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಸೆಬಿ ಹೂಡಿಕೆದಾರರ ಪರೀಕ್ಷೆ ಪುಕ್ಕಟೆ ಇದೆ.

ನನ್ನ ದುಡ್ಡು ವಾಪಸ್ ಬಂದಿಲ್ಲ. ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ದೂರು ಕೊಡೋಣ ಅಂದರೆ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ, ನೋಂದಣಿಯೇ ಮಾಡಿಸಿಲ್ಲ. ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. ಈಗಾಗಲೇ ಕಟ್ಟಿದವರು ಇದ್ದರೆ ಗ್ರೂಪ್ ಚಾಟ್, ಜಿಎಸ್‌ಟಿ ಬಿಲ್, ವೆಬಿನಾರ್‌ನಲ್ಲಿ ಕೊಟ್ಟ ಭರವಸೆಯ ಸ್ಕ್ರೀನ್‌ಶಾಟ್, ಸಾಲದ ಒಪ್ಪಂದ ಎಲ್ಲವನ್ನೂ ಇವತ್ತೇ ತೆಗೆದಿಟ್ಟುಕೊಳ್ಳಿ. ರಿಫಂಡ್ ಕೇಳಿದ ಸಂಜೆಯೇ ನನ್ನನ್ನು ಗ್ರೂಪ್‌ನಿಂದ ತೆಗೆದರು.