ಮಳೆಗಾಲದ ಮಾರಿಯೊ: ಹತ್ತು ದಿನ ಎಸ್‌ಎಂಬಿಎಕ್ಸ್ ಆಡಿ, ಕಟ್ಟಿ ನೋಡಿದ ಮೇಲೆ

ಆಷಾಢದಲ್ಲಿ ಹೊಸನಗರದ ಕಡೆ ನಮ್ಮೂರಿಗೆ ಹೋದರೆ ಮನೆಯೊಳಗೇ ಕೂರಬೇಕು. ಮಳೆ ಹಿಡಿದರೆ ಬಿಡುವುದಿಲ್ಲ, ಕರೆಂಟು ಬಂದರೆ ಬಂತು, ಫೋನಿಗೆ ಸಿಗ್ನಲ್ ಬೇಕಂದ್ರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಈ ಸಲ ಸಾಗರದಿಂದ ಅಕ್ಕ, ಅವಳ ಮಗ ಇಬ್ಬರೂ ಬಂದಿದ್ದರು. ಅವನು ಎಂಟನೇ ಕ್ಲಾಸು. "ಮಾವ, ನೆಟ್ ಇಲ್ದೆ ಆಡೋ ಗೇಮ್ ಏನಾದ್ರೂ ಇದ್ಯಾ?" ಅಂದ. ಶಿವಮೊಗ್ಗದಿಂದ ಹೊರಡುವಾಗ ನನ್ನ ಹಳೇ ಲ್ಯಾಪ್‌ಟಾಪಿಗೆ ಸೂಪರ್ ಮಾರಿಯೊ ಬ್ರದರ್ಸ್ ಎಕ್ಸ್, ಅಂದರೆ ಎಸ್‌ಎಂಬಿಎಕ್ಸ್ ಹಾಕಿಕೊಂಡಿದ್ದೆ. ಹತ್ತು ದಿನ ಅದರಲ್ಲೇ ಕಳೆಯಿತು.

ಇದು ನಿಂಟೆಂಡೊ ಮಾಡಿದ್ದಲ್ಲ. ರೆಡಿಜಿಟ್ ಅನ್ನೋ ಹೆಸರಲ್ಲಿ ಆಂಡ್ರ್ಯೂ ಸ್ಪಿಂಕ್ಸ್ ಬರೆದ ಅಭಿಮಾನಿ ಗೇಮ್, 2009ರದ್ದು, ವಿಷುಯಲ್ ಬೇಸಿಕ್ 6ರಲ್ಲಿ ಬರೆದದ್ದು. 2011ರಲ್ಲಿ ನಿಂಟೆಂಡೊ ಕಡೆಯಿಂದ ತಕರಾರು ಬಂದ ಮೇಲೆ ಅವನು ಕೈಬಿಟ್ಟ. ಅದೇ ವರ್ಷ ಟೆರೇರಿಯಾ ಅನ್ನೋ ತನ್ನದೇ ಗೇಮ್ ತಂದ, ಅದು ಭಾರೀ ಹೆಸರು ಮಾಡಿತು. ಅಭಿಮಾನಿಗಳು ಮಾತ್ರ ಇದನ್ನು ಬಿಡಲಿಲ್ಲ. 2020ರಲ್ಲಿ ಅವನೇ ಸೋರ್ಸ್ ಕೋಡ್ ಬಿಟ್ಟುಕೊಟ್ಟ ಮೇಲೆ ಅದನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸದಾಗಿ ಬರೆದು ದಿಎಕ್ಸ್‌ಟೆಕ್ ಅನ್ನೋ ಆವೃತ್ತಿ ಮಾಡಿದರು. ಇದು ಲಿನಕ್ಸ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಓಡುತ್ತದೆ. ಎಸ್‌ಎಂಬಿಎಕ್ಸ್2 ಅಂತ ಇನ್ನೊಂದು ಕವಲೂ ಇದೆ, ಅದರಲ್ಲಿ ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯಬಹುದು. ಎಲ್ಲ ಪುಕ್ಕಟೆ.

ಆಟ ಚೆನ್ನಾಗಿದೆ. ಮಾರಿಯೊ, ಲುಯಿಜಿ, ಪೀಚ್, ಟೋಡ್, ಇವರ ಜೊತೆಗೆ ಜೆಲ್ಡಾ ಗೇಮಿನಿಂದ ಕತ್ತಿ ಹಿಡಿದು ಬಂದ ಲಿಂಕ್. ಇಬ್ಬರು ಒಟ್ಟಿಗೆ ಆಡಬಹುದು, ದೂರದೂರ ಹೋದರೆ ಸ್ಕ್ರೀನ್ ಎರಡು ಭಾಗ ಆಗುತ್ತದೆ. ಎರಡು ದಿನ ಇದರಲ್ಲಿ ಕಳೆದೆವು. ಆಮೇಲೆ ಹುಡುಗ ನಮ್ಮದೇ ಲೆವೆಲ್ ಕಟ್ಟುವ ಎಡಿಟರ್ ತೆರೆದ ನೋಡಿ, ಆಡೋದು ಅಲ್ಲಿಗೇ ನಿಂತಿತು.

ಎಡಿಟರ್ ನೋಡಲಿಕ್ಕೆ ಹಳೇ ಆಫೀಸ್ ಸಾಫ್ಟ್‌ವೇರ್ ಥರ ಇದೆ, ಸುಳ್ಳು ಹೇಳಲ್ಲ. ಆದರೆ ಕೈಗೆ ಬೇಗ ಕೂರುತ್ತದೆ. 32 ಪಿಕ್ಸೆಲ್‌ನ ಚೌಕಗಳು, ಬೇಕಾದ ಕಲ್ಲು ಆರಿಸಿ ಇಡುತ್ತಾ ಹೋಗುವುದು, ತಕ್ಷಣ ಓಡಿಸಿ ನೋಡುವುದು. ಒಂದು ಲೆವೆಲ್‌ನಲ್ಲಿ 21 ಸೆಕ್ಷನ್ ಸಿಗುತ್ತದೆ, ನಮಗೆ ಮೂರೇ ಜಾಸ್ತಿ ಆಯಿತು. ನನಗೆ ಹಿಡಿಸಿದ್ದು ಚಿತ್ರ ಬದಲಿಸುವ ದಾರಿ: ಮೂಲ ಚಿತ್ರದ ಹೆಸರಲ್ಲೇ ನಿಮ್ಮ ಚಿತ್ರವನ್ನು ಲೆವೆಲ್‌ನ ಫೋಲ್ಡರಿಗೆ ಹಾಕಿದರೆ ಮುಗಿಯಿತು. ನಾವು ಮೊದಲು ಮಾರಿಯೊನ ಇಟ್ಟಿಗೆ ತೆಗೆದು ಜಂಬಿಟ್ಟಿಗೆ ಮಾಡಿದೆವು. ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕಿದೆವು.

ಆಮೇಲೆ ಗೂಂಬಾನನ್ನು, ಅಂದರೆ ಮಾರಿಯೊಗೆ ಎದುರಾಗುವ ಅಣಬೆಯಂಥ ಶತ್ರುವನ್ನು, ಉಂಬಳ (ಜಿಗಣೆ) ಮಾಡಬೇಕು ಅಂತ ಹುಡುಗನ ಹಟ. ಇಲ್ಲಿ ಸ್ವಲ್ಪ ಒದ್ದಾಡಿದೆವು. ಹಳೇ ಪದ್ಧತಿಯಲ್ಲಿ ಇಂಥ ಚಿತ್ರಕ್ಕೆ ಎರಡು ಜಿಫ್ ಬೇಕು, ಒಂದು ಚಿತ್ರ, ಒಂದು ಮಾಸ್ಕ್. ಮಾಸ್ಕ್‌ನಲ್ಲಿ ಉಂಬಳ ಇರುವಷ್ಟು ಜಾಗ ಕಪ್ಪು, ಉಳಿದದ್ದು ಬಿಳಿ. ನಾನು ಪೂರ್ತಿ ಕಪ್ಪು ಬಿಟ್ಟಿದ್ದೆ, ಉಂಬಳ ಒಂದು ಕಪ್ಪು ಡಬ್ಬಿಯೊಳಗೆ ಕೂತು ಓಡಾಡಿತು. ದಿಎಕ್ಸ್‌ಟೆಕ್‌ನಲ್ಲಿ ಒಂದೇ ಪಿಎನ್‌ಜಿ ಸಾಕು, ಅದು ನಮಗೆ ಆಮೇಲೆ ಗೊತ್ತಾಯಿತು. ಇನ್ನು ಗೂಂಬಾ ತುಳಿದರೆ ಸಾಯುತ್ತದೆ, ಉಂಬಳ ಹಾಗೆಲ್ಲ ಸಾಯುತ್ತದಾ? ಅದಕ್ಕೂ ದಾರಿ ಇದೆ. ಆ ಶತ್ರುವಿನ ನಂಬರಿನ ಹೆಸರಲ್ಲಿ ಒಂದು ಟೆಕ್ಸ್ಟ್ ಫೈಲ್ ಇಟ್ಟು, ಒಳಗೆ ಜಂಪ್‌ಹರ್ಟ್ 1 ಅಂತ ಬರೆದರೆ ಮೇಲೆ ಹಾರಿದವನಿಗೇ ಪೆಟ್ಟು. ಸ್ಪೀಡ್ ಕೂಡ ಅಲ್ಲೇ ಕಮ್ಮಿ ಮಾಡಿದೆವು. ಪ್ರೋಗ್ರಾಮಿಂಗ್‌ನ ಗಂಧವೇ ಇಲ್ಲದ ಹುಡುಗ ಇದನ್ನು ಅರ್ಧ ಗಂಟೆಯಲ್ಲಿ ಕಲಿತ. ಮಾರನೇ ದಿನ ಸಂಕವನ್ನು ಬೇರೆ ಲೇಯರ್‌ಗೆ (ಪದರಕ್ಕೆ) ಹಾಕಿ, ಒಂದು ಈವೆಂಟ್, ಅಂದರೆ ಇದಾದರೆ ಅದಾಗಲಿ ಅನ್ನೋ ಸೂಚನೆ ಕಟ್ಟಿ, ಮಾರಿಯೊ ಆ ದಡ ಮುಟ್ಟಿದ ಮೇಲೆ ಅದು ಮಾಯವಾಗುವ ಹಾಗೆ ಮಾಡಿದ. ಹೊಳೆ ಬಂದು ಸಂಕ ಕೊಚ್ಚಿಹೋಯಿತಂತೆ!

ಅಭಿಮಾನಿಗಳು ಕಟ್ಟಿದ ಲೆವೆಲ್‌ಗಳಿಗೆ ಲೆಕ್ಕವಿಲ್ಲ. ಹತ್ತಾರು ಜನ ಸೇರಿ ಕಟ್ಟಿದ ಉದ್ದುದ್ದ ಎಪಿಸೋಡ್‌ಗಳೂ (ಲೆವೆಲ್‌ಗಳ ಸರಣಿ) ಇವೆ. ಕೆಲವು ನಿಜಕ್ಕೂ ಕಸುಬುದಾರರ ಕೆಲಸ. ಕೆಲವು ಸುಮ್ನೆ ಗೋಳು, ಹಾರಿದ ಜಾಗದಲ್ಲಿ ಕಾಣದ ಕಲ್ಲು ಇಟ್ಟು ತಲೆಗೆ ಬಡಿಸಿ ಗುಂಡಿಗೆ ಬೀಳಿಸುತ್ತಾರೆ. ಇದಕ್ಕೆ ಕೈಜೋ ಬ್ಲಾಕ್ ಅಂತ ಹೆಸರೇ ಇದೆ. ನಮ್ಮ ಹುಡುಗ ಅದನ್ನು ನೋಡಿದ್ದೇ ತಡ, ಉಂಬಳದ ಹೊಳೆಯ ಮೇಲೆ ಏಳು ಇಟ್ಟ.

ಲೆವೆಲ್ ಕಟ್ಟಲಿಕ್ಕೆ ನಿಂಟೆಂಡೊನೇ ತಂದ ಸೂಪರ್ ಮಾರಿಯೊ ಮೇಕರ್‌ನಲ್ಲಿ ಇದಕ್ಕೆ ಒಂದು ತಡೆ ಇದೆ, ಕಟ್ಟಿದವರು ತಾವೇ ಒಮ್ಮೆ ಮುಗಿಸದೆ ಅಪ್‌ಲೋಡ್ ಆಗುವುದಿಲ್ಲ. ಇಲ್ಲಿ ಅಂಥ ಕಟ್ಟುಪಾಡು ಇಲ್ಲ. ಹಾಗಾಗಿ ಮನೆಯಲ್ಲೇ ಕಾನೂನು ಮಾಡಿದೆವು: ನೀನು ಮುಗಿಸಿ ತೋರಿಸು, ಆಮೇಲೆ ನಾನು ಆಡ್ತೀನಿ. ಅರ್ಧ ದಿನದಲ್ಲಿ ಏಳು ಕಲ್ಲು ಎರಡಕ್ಕೆ ಇಳಿಯಿತು. ಆದರೆ ಮಾರಿಯೊ ಮೇಕರ್ ಬಗ್ಗೆ ಒಂದು ಹೇಳಲೇಬೇಕು. ನಿಂಟೆಂಡೊದ ಹಳೇ ಗೇಮ್ ಯಂತ್ರ ವೀ ಯುನಲ್ಲಿ ಲೆವೆಲ್ ಹಾಕುವುದು 2021ರಲ್ಲೇ ನಿಂತಿತು, 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಬಾಗಿಲೇ ಮುಚ್ಚಿತು. ಎಸ್‌ಎಂಬಿಎಕ್ಸ್‌ನಲ್ಲಿ ನೀವು ಕಟ್ಟಿದ್ದು ನಿಮ್ಮದೇ ಒಂದು ಫೈಲ್. ಪೆನ್‌ಡ್ರೈವಿಗೆ ಹಾಕಿ ಯಾರಿಗೆ ಬೇಕಾದರೂ ಕೊಡಿ. ಸಿಗ್ನಲ್ ಇಲ್ಲದ ಊರಿನವನಿಗೆ ಇದು ಸಣ್ಣ ಮಾತಲ್ಲ.

ತೊಂದರೆ ಇಲ್ಲವೇ? ಇದೆ. ಚಿತ್ರ, ಸಂಗೀತ ಬಹುಪಾಲು ನಿಂಟೆಂಡೊದ್ದೇ, ಹಾಗಾಗಿ ಕಾನೂನಿನ ಮಟ್ಟಿಗೆ ಇದು ಯಾವತ್ತೂ ಅಂಚಿನಲ್ಲೇ ನಿಂತ ಸರಕು. ಕಂಡಕಂಡ ಡೌನ್‌ಲೋಡ್ ಒತ್ತಬೇಡಿ. ಮೂಲ ಆವೃತ್ತಿಯಲ್ಲಿ ಕನ್ನಡ ಅಕ್ಷರ ಬರುವುದಿಲ್ಲ, ಉಂಬಳದ ಬಗ್ಗೆ ಎಚ್ಚರಿಕೆಯ ಬೋರ್ಡನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದೆವು. ಮತ್ತೆ, ಸೇವ್ ಮಾಡುತ್ತಾ ಇರಿ. ಕರೆಂಟು ಹೋಗಿ, ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಸತ್ತಿದ್ದರಿಂದ, ಒಂದು ಮಧ್ಯಾಹ್ನದ ಕೆಲಸ ಪೂರ್ತಿ ಹೋಯಿತು. ತಪ್ಪು ನನ್ನದೇ, ಬೈಸಿಕೊಂಡವನೂ ನಾನೇ.

ಕೊನೇ ದಿನ ಅಕ್ಕನನ್ನು ಕೂರಿಸಿದೆವು. ಅವಳು ಗೇಮ್ ಮುಟ್ಟಿದವಳಲ್ಲ. ನಾವಿಬ್ಬರೂ ಬಾಯಿ ಬಿಡಬಾರದು ಅಂತ ಮಾತಾಗಿತ್ತು. ಮೊದಲ ಗುಂಡಿಗೇ ಆರು ಸಲ ಬಿದ್ದಳು. ನಮ್ಮ ಕಣ್ಣಿಗೆ ಅದು ಗುಂಡಿ ಅಂತಲೇ ಕಂಡಿರಲಿಲ್ಲ, ಅಷ್ಟು ಸಲ ಹಾರಿದ್ದೆವು. ಏಳನೇ ಸಲ ಸಂಕದವರೆಗೆ ಬಂದಳು, ಉಂಬಳದ ಮೇಲೆ ಕಾಲಿಟ್ಟು ಸತ್ತಳು, "ಇದಕ್ಕೆ ಸುಣ್ಣ ಹಚ್ಚೋಕೆ ಆಗಲ್ವಾ?" ಅಂದಳು.

ನಾನು ಶಿವಮೊಗ್ಗಕ್ಕೆ ಬಂದು ವಾರ ಆಯಿತು. ನಿನ್ನೆ ಸಾಗರದಿಂದ ಹುಡುಗನ ಫೋನು: ಸುಣ್ಣದ ಡಬ್ಬಿಯ ಚಿತ್ರ ಮಾಡಿದ್ದಾನಂತೆ, ಮಾಸ್ಕ್ ಈ ಸಲ ಸರಿ ಬಂದಿದೆಯಂತೆ.